ಧುಪದಾಳದ ‘ವಿಯರ್’ ಎಂದರೇನು?

ಗೋಕಾಕ ತಾಲ್ಲೂಕಿನ ಧುಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ ನಿಂತಿರುವ ಹಳೆಯ ಕಲ್ಲುಕಟ್ಟೆಯನ್ನು ಜನ ಸಾಮಾನ್ಯವಾಗಿ ಡ್ಯಾಮ್ ಎಂದೇ ಕರೆಯುತ್ತಾರೆ. 1897ರಲ್ಲಿ ಪೂರ್ಣಗೊಂಡ ಈ ಕಟ್ಟೆ ನೀರಾವರಿಯ ಪರಿಭಾಷೆಯಲ್ಲಿ ಇಂದಿಗೂ ‘ವಿಯರ್’. ಎರಡೂ ಒಂದೇ ಅಲ್ಲ. ನದಿದಂಡೆಯ ಊರುಗಳಿಗೆ ಈ ಅಂತರ ಗೊತ್ತಿರಲೇಬೇಕು.

ವಿಯರ್ ಇಂಗ್ಲಿಷಿನ ಬಹು ಹಳೆಯ ಪದ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅದು ‘ವೆರ್’. ತಡೆ, ಬೇಲಿ ಎಂದು ಅರ್ಥ. ಅದರ ಜೋಡಿ ಕ್ರಿಯಾಪದ ‘ವೆರಿಯನ್’ಗೆ ಕಾಪಾಡು, ಅಡ್ಡಗಟ್ಟು ಎಂಬ ಅರ್ಥಗಳಿದ್ದವು. ಆಗ ಹೊಳೆಯಲ್ಲಿ ಗೂಟ ನೆಟ್ಟು, ಕಡ್ಡಿ ಹೆಣೆದು ಮೀನು ಹಿಡಿಯಲು ಕಟ್ಟುತ್ತಿದ್ದ ಬೇಲಿಯೂ ವಿಯರೇ. ನೀರು ಸಾಗಬೇಕು, ಮೀನು ನಿಲ್ಲಬೇಕು. ಇಂಥ ಬೇಲಿಗಳನ್ನು ಥೇಮ್ಸ್, ಮೆಡ್ವೇ ನದಿಗಳಿಂದ ತೆಗೆಸಬೇಕೆಂದು 1215ರ ಮ್ಯಾಗ್ನಾ ಕಾರ್ಟಾದಲ್ಲೇ ಬರೆಸಲಾಯಿತು.

ಭಾಷಾಶಾಸ್ತ್ರಜ್ಞರು ಈ ಪದವನ್ನು ಸಂಸ್ಕೃತದ ‘ವೃ’ ಧಾತುವಿನ ಸಾಲಿನಲ್ಲಿ ಇಡುತ್ತಾರೆ. ಮುಚ್ಚು, ಸುತ್ತುಗಟ್ಟು, ತಡೆ ಎಂಬುದು ಅದರ ಅರ್ಥ. ನಾವು ದಿನವೂ ಆಡುವ ಆವರಣ, ನಿವಾರಣೆ ಹುಟ್ಟಿದ್ದು ಅಲ್ಲಿಂದಲೇ. ನೀರನ್ನು ತಡೆಹಿಡಿದು ಇಂದ್ರನ ಕೈಯಲ್ಲಿ ಸತ್ತ ಋಗ್ವೇದದ ವೃತ್ರನ ಹೆಸರೂ ಅದೇ ಬೇರಿನದು. ಧುಪದಾಳದ ಕಟ್ಟೆಗೂ ವೃತ್ರನಿಗೂ ಹೀಗೊಂದು ನಂಟಿರುವುದು ನನಗಂತೂ ರೋಮಾಂಚನದ ಸಂಗತಿ. ಅತ್ತ ಮದರಾಸು ಪ್ರಾಂತ್ಯದ ಇಂಗ್ಲಿಷ್ ಎಂಜಿನಿಯರುಗಳು ತಮಿಳಿನ ಅಣೈಕಟ್ಟನ್ನೇ ‘ಅನಿಕಟ್’ ಮಾಡಿಕೊಂಡರು. ಅದು ನಮ್ಮ ಅಣೆಕಟ್ಟಿನ ಒಡಹುಟ್ಟು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧುಪದಾಳಕ್ಕೆ ಅಂಟಿದ್ದು ವಿಯರ್.

ಈಗ ಕೆಲಸಕ್ಕೆ ಬರೋಣ. ನೀರು ಕೂಡಿಡುವುದು ಡ್ಯಾಮ್. ವಿಯರ್ ನದಿಯ ಮಟ್ಟವನ್ನು ಒಂದಿಷ್ಟು ಏರಿಸುತ್ತದೆ, ಕಾಲುವೆಯ ಬಾಯಿಗೆ ನೀರು ಎಟುಕಿದರೆ ಅದರ ಕೆಲಸ ಆಯಿತು. ಧುಪದಾಳದಲ್ಲಿ ಹೀಗೆ ಎದ್ದ ನೀರು ಘಟಪ್ರಭಾ ಎಡದಂಡೆ ಕಾಲುವೆಗೆ ಹೋಗುತ್ತದೆ. ಹೆಚ್ಚಾದದ್ದು ಕಟ್ಟೆಯ ನೆತ್ತಿ ದಾಟಿ ಗೋಕಾಕ ಜಲಪಾತದತ್ತ ಹರಿಯುತ್ತದೆ. ಹಿನ್ನೀರಿಗೆ ಹಕ್ಕಿಗಳು ಬಂದು ನೆಲೆಸಿದವು, 1974ರಲ್ಲಿ ಅದು ಪಕ್ಷಿಧಾಮವೂ ಆಯಿತು.

ಕೂಡಿಡುವ ಹೊಣೆ ಹೊತ್ತದ್ದು ಮೇಲ್ಗಡೆಯ ಹಿಡಕಲ್ ಜಲಾಶಯ. ಅದರ ಸಾಮರ್ಥ್ಯ ಸುಮಾರು 51 ಟಿಎಂಸಿ. ಆದರೆ ಹಿರಣ್ಯಕೇಶಿ ನದಿ ಘಟಪ್ರಭೆಗೆ ಸೇರುವುದು ಹಿಡಕಲ್‌ನ ಕೆಳಗೆ. ಆ ನೀರನ್ನು ಹಿಡಕಲ್ ತಡೆಯಲಾರದು, ಧುಪದಾಳವಂತೂ ತಡೆಯಲೆಂದು ಕಟ್ಟಿದ್ದೇ ಅಲ್ಲ. 2019ರ ಆಗಸ್ಟಿನಲ್ಲಿ ಗೋಕಾಕ ಪಟ್ಟಣಕ್ಕೆ ಮಹಾಪೂರ ನುಗ್ಗಿತು. ಅಂಥ ಹೊತ್ತಿನಲ್ಲಿ ಧುಪದಾಳದಲ್ಲೇ ನೀರು ಹಿಡಿಯಬಹುದಿತ್ತಲ್ಲ ಎಂದು ಕೇಳುವುದು ಸಹಜ, ಆದರೆ ಹಿಡಿದಿಡಲು ಅಲ್ಲಿ ಜಾಗವೇ ಇಲ್ಲ. ಆದ್ದರಿಂದ ಮಳೆಗಾಲದಲ್ಲಿ ದಂಡೆಯ ಜನ ಹಿಡಕಲ್‌ನಿಂದ ಬಿಟ್ಟ ಕ್ಯೂಸೆಕ್‌ಗಳ ಲೆಕ್ಕವೊಂದನ್ನೇ ಕೇಳಿ ಸುಮ್ಮನಾಗಬಾರದು, ಹಿರಣ್ಯಕೇಶಿಯ ಲೆಕ್ಕವನ್ನೂ ಕೇಳಬೇಕು.