ಕಿದ್ವಾಯಿಯಿಂದ ಹಳ್ಳಿಗೆ ಮರಳಿದ ಮೇಲೆ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳ ಪೈಕಿ ರೈಲುಮಾರ್ಗವನ್ನು ಕಂಡಿರುವುದು ಕಡೆಯದೊಂದೇ ಆದುದರಿಂದ, ಉಳಿದೆಡೆಯ ಹಳ್ಳಿಗಳಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೊರಡುವ ಬಡವರು ಬಸ್ಸನ್ನೇ ನೆಚ್ಚಬೇಕು. 2023ರ ಜೂನ್ ತಿಂಗಳಿನಿಂದ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯು ಸ್ತ್ರೀಯರ ಪ್ರಯಾಣದ ಹೊರೆಯನ್ನು ಇಳಿಸಿದೆಯಾದರೂ, ಜೊತೆಗೆ ಬರುವ ಗಂಡನ ಟಿಕೇಟೂ ಅವನು ಕಳೆದುಕೊಳ್ಳುವ ದಿನಗೂಲಿಯೂ ಹಾಗೆಯೇ ಉಳಿದಿವೆ. ಮೂರು ವಾರಕ್ಕೊಮ್ಮೆ ಕೀಮೋ, ಅದಾದ ಮೇಲೆ ವಾರಗಟ್ಟಲೆ ಕರೆಂಟು, ಅಂದರೆ ವಿಕಿರಣ, ಕೊಡಿಸಿಕೊಳ್ಳುವುದು, ಹೀಗೆ ಶರೀರದ ಸಲುವಾಗಿಯೇ ಅಲೆದು ಸೋತವರನ್ನು ಮನಸ್ಸಿನ ಸಲುವಾಗಿ ಇನ್ನೊಮ್ಮೆ ಬನ್ನಿರೆಂದು ಕರೆಯುವುದು ನಿರ್ದಯವೇ ಸರಿ; ಮನಸ್ಸಿನ ಉಪಚಾರವು ದೂರವಾಣಿಯ ಮೂಲಕ ಮನೆಗೇ ಬರಬೇಕೆಂಬ ವಿಚಾರದಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ.

ಸಾಧನವೇನೋ ಸಿದ್ಧವಾಗಿದೆ. 2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್‌ನಲ್ಲಿ ಉದ್ಘಾಟಿತವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಹಗಲಿರುಳೂ ನಿಶ್ಶುಲ್ಕವಾಗಿ, ಕನ್ನಡದಲ್ಲಿಯೇ ದೊರೆಯುತ್ತದೆ. ಆದರೆ ಅದು ಮೊದಲ ಕರೆಗಾಗಿ ಕಾಯುತ್ತದೆ. ನಮ್ಮ ಕಡೆಯ ರೋಗಿಯಾದರೋ ಆ ಮೊದಲ ಕರೆಯನ್ನು ಮಾಡುವವನಲ್ಲ.

ಏಕೆಂದರೆ, ತನಗೇನಾಗಿದೆಯೆಂಬುದನ್ನೇ ಅವನಿಗೆ ಬಾಯಿಬಿಟ್ಟು ಯಾರೂ ಹೇಳಿರುವುದಿಲ್ಲ. ಗಡ್ಡೆ, ಹುಣ್ಣು, ಗ್ಯಾಸ್ಟ್ರಿಕ್ಕು ಎಂದು ಮಕ್ಕಳು ತೇಲಿಸಿರುತ್ತಾರೆ. ವೈದ್ಯರೂ ಮಗನನ್ನೇ ಪಕ್ಕಕ್ಕೆ ಕರೆದು ಮಾತನಾಡಿರುತ್ತಾರೆ. ಆಸ್ಪತ್ರೆಯ ಸಾಲಿನಲ್ಲಿ ನಿಂತವರ ಬೋಳುತಲೆಗಳನ್ನು ಕಂಡು, ಪಕ್ಕದ ಹಾಸಿಗೆಯವನ ಮಾತು ಕೇಳಿ, ತಾನಾಗಿಯೇ ಎಲ್ಲವನ್ನೂ ತಿಳಿದುಕೊಂಡಿರುವ ಆ ಹಿರಿಯನು, ಮಕ್ಕಳು ನೊಂದಾರೆಂದು ಏನೂ ತಿಳಿಯದವನಂತೆಯೇ ಇರುತ್ತಾನೆ. ತಂದೆಯು ಧೈರ್ಯಗೆಟ್ಟಾನೆಂದು ಮಕ್ಕಳೂ ನಗುನಗುತ್ತಲೇ ಓಡಾಡುತ್ತಾರೆ. ಪರಸ್ಪರ ವಾತ್ಸಲ್ಯದಿಂದಲೇ ಹುಟ್ಟಿದ ಈ ಮೌನದೊಳಗೆ, ಮಗನ ಕೈಯಲ್ಲಿರುವ ಮೊಬೈಲನ್ನು ಬೇಡಿ ಪಡೆದು, ಎಲ್ಲರೂ ಮಲಗುವ ಒಂದೇ ಅಂಕಣದ ಮನೆಯಲ್ಲಿ ಕುಳಿತು, ಅಪರಿಚಿತರೊಡನೆ ಮರಣಭಯವನ್ನು ತೋಡಿಕೊಳ್ಳುವುದು ಯಾರಿಗೆ ಸಾಧ್ಯ? ಎಲ್ಲವನ್ನೂ ಒಮ್ಮೆಗೇ ಹೇಳಿಬಿಡಬೇಕೆಂದು ನಾನು ವಾದಿಸುವುದಿಲ್ಲ. ಎಷ್ಟು ತಿಳಿಯಬಯಸುವೆಯೆಂದು ರೋಗಿಯನ್ನೇ ಕೇಳುವ ಸೌಜನ್ಯವಾದರೂ ಇರಬೇಡವೇ?

ಭಯವೂ ಸದಾ ಮರಣದ್ದೇ ಆಗಿರುವುದಿಲ್ಲ. ನಮ್ಮದು ಸಿಗರೇಟಿಗೆ ಹೋಗುವ ಹೊಗೆಸೊಪ್ಪಿನ ಸೀಮೆ. ಸೊಪ್ಪು ಬೇಯಿಸುವ ಬ್ಯಾರನ್ನಿನ ಸಾಲ, ಸೌದೆಯ ಬೆಲೆ, ತಂಬಾಕು ಮಂಡಳಿಯ ಹರಾಜುಕಟ್ಟೆಯಲ್ಲಿ ಈ ಸಲ ದೊರೆಯುವ ದರ, ಇವುಗಳ ಚಿಂತೆಯೇ ಅನೇಕರ ನಿದ್ರೆಯನ್ನು ಕದ್ದಿರುತ್ತದೆ; ಬಾಯಿಯ ಅಥವಾ ಶ್ವಾಸಕೋಶದ ಕ್ಯಾನ್ಸರ್ ಬಂದವನಿಗೆ, ತಾನು ಬೆಳೆದುದೇ ತನ್ನನ್ನು ತಿಂದಿತೆಂಬ ಪಶ್ಚಾತ್ತಾಪವೂ ಅದರೊಡನೆ ಬೆರೆತಿರಬಹುದು. ಬೆಂಗಳೂರಿನಲ್ಲಿ ಕುಳಿತ ಆಪ್ತಸಮಾಲೋಚಕರಿಗೆ ಈ ಸೀಮೆಯ ಬದುಕು ತಿಳಿಯದಿದ್ದರೆ ಅವರ ಸಾಂತ್ವನವು ಒಣಮಾತಾದೀತು.

ಕಿದ್ವಾಯಿಯೂ ನಿಮ್ಹಾನ್ಸೂ ಬೆಂಗಳೂರಿನಲ್ಲಿ ನೆರೆಹೊರೆಯ ಸಂಸ್ಥೆಗಳು. ಈ ನೆರೆತನವು ಬಿಡುಗಡೆಯ ಚೀಟಿಯ ಮೇಲೂ ಮೂಡಿಬರಬೇಕೆಂಬುದೇ ನನ್ನ ಬೇಡಿಕೆ. ರೋಗಿಯ ಒಪ್ಪಿಗೆ ಪಡೆದು ಅವನ ದೂರವಾಣಿ ಸಂಖ್ಯೆಯನ್ನು ಆಸ್ಪತ್ರೆಯೇ ಟೆಲಿ-ಮಾನಸ್‌ಗೆ ಒಪ್ಪಿಸಲಿ. ಕೀಮೋ ಮುಗಿದು ಊರು ಸೇರಿದ ಮೂರು ನಾಲ್ಕು ದಿನಗಳಲ್ಲಿ ಸಮಾಲೋಚಕರೇ ಕರೆ ಮಾಡಲಿ. ಮುಂದಿನ ಕರೆಗಳಲ್ಲಿಯೂ ಆದಷ್ಟು ಅದೇ ದನಿ ಕೇಳಲಿ. ಮನೆಯಲ್ಲಿ ಏಕಾಂತವಿಲ್ಲದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯೂ ಅದರಲ್ಲೊಂದು ದೂರವಾಣಿಯೂ ಸಾಕು. ಅಲ್ಲಿ ಮನೋರೋಗ ಚಿಕಿತ್ಸೆಗೆಂದು ನಡೆಯುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರವನ್ನೇ ಇದಕ್ಕೆ ಬಳಸಿಕೊಳ್ಳಬಹುದು. (ಸರ್ಕಾರಿ ಕಟ್ಟಡದಲ್ಲಿ ಚಿಲಕ ಸರಿಯಾಗಿರುವ ಬಾಗಿಲು ಸಿಗುವುದೇ ದುರ್ಲಭವೆಂಬುದನ್ನು ನಾನು ಬಲ್ಲೆ.) ನಾಗರಹೊಳೆಯ ಅಂಚಿನ ಜೇನುಕುರುಬರ ಹಾಡಿಗಳಲ್ಲಿ ಸಿಗ್ನಲ್ಲೇ ನಂಬಲರ್ಹವಲ್ಲ, ಅಲ್ಲಿಗೆ ಮನುಷ್ಯರೇ ನಡೆದು ಹೋಗಬೇಕು. 1984ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ವೈದ್ಯಸೇವೆಯನ್ನು ಕಟ್ಟಿದುದು ಹಾಗೆ ಜನರ ಬಳಿಗೇ ಹೋಗಿ.

ಚೀಟಿಯಲ್ಲಿ ಇನ್ನೊಂದು ಹೆಸರಿಗೂ ಸ್ಥಳವಿರಲಿ: ವಾಂತಿ ಬಳಿದು, ಗಂಜಿ ಕಾಯಿಸಿ, ಹೊಲಕ್ಕೂ ಹೋಗಿಬರುವ ಸೊಸೆಯದು ಅಥವಾ ಹೆಂಡತಿಯದು. ಅವಳ ದಣಿವನ್ನು ಯಾವ ವೈದ್ಯರೂ ವಿಚಾರಿಸಿರುವುದಿಲ್ಲ. ಕರೆಯ ವೇಳೆಯನ್ನು ಅವಳನ್ನೇ ಕೇಳಿ ಗೊತ್ತುಮಾಡಬೇಕು. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಅವಳಿಗೆ ಬಿಡುವಾಗುವುದು ಬ್ಯಾರನ್ನಿನ ಒಲೆ ಕಾಯುವ ನಡುರಾತ್ರಿಯಲ್ಲಾದರೆ, ಆಗಲೇ ಮಾತನಾಡಲಿ.