ಇಎಂಐಗೆ ಮುನ್ನ ಬಫರ್ ನೋಡಿ

ಬಾಡಿಗೆ ರೂಮಿನಲ್ಲೇ ಹಾಡು, ವಾಯ್ಸ್ ಓವರ್ ರೆಕಾರ್ಡ್ ಮಾಡಿ ನಾಲ್ಕು ಕಾಸು ಕಾಣುವ ನನ್ನಂಥವರ ಗೋಳು ಎರಡು: ಹಾಡಿದ ದನಿ ಹೆಡ್‌ಫೋನಿಗೆ ತಡವಾಗಿ ಬರುತ್ತದೆ, ಇಲ್ಲವೇ ಒಡೆದು ಬರುತ್ತದೆ. ಕೂಡಲೇ ಗೆಳೆಯರ ಸಲಹೆ, ‘ದುಬಾರಿ ಇಂಟರ್‌ಫೇಸ್ ತಗೋ’. ಇಎಂಐ ಕಟ್ಟುವ ಮೊದಲು ಸೆಟ್ಟಿಂಗ್ಸ್ ತೆರೆಯಿರಿ ಎನ್ನುತ್ತೇನೆ ನಾನು.

ತಡಕ್ಕೆ ಕಾರಣ ಬಹುಪಾಲು ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದಾಗ 1024ರ ಬಫರ್ ಎಂದರೆ ಒಳಬರುವಾಗಲೇ 21 ಮಿಲಿಸೆಕೆಂಡ್ ತಡ, ಹೊರಹೋಗುವಾಗ ಮತ್ತಷ್ಟು. 128 ಇಟ್ಟರೆ ಆ 21, ಮೂರಕ್ಕೂ ಕೆಳಗಿಳಿಯುತ್ತದೆ. ಹಾಡುವಾಗ ಕಡಿಮೆ ಇಡಿ, ಮಿಕ್ಸ್ ಮಾಡುವಾಗ ಹೆಚ್ಚಿಸಿ. ತೀರಾ ಇಳಿಸಿದರೆ ಕಂಪ್ಯೂಟರ್ ಏದುಸಿರು ಬಿಟ್ಟು ಚಟಪಟ ಸದ್ದು ಶುರು. ಆಗ ಡೈರೆಕ್ಟ್ ಮಾನಿಟರ್ ಒತ್ತಿ. ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತದೆ. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ.

ದನಿ ಒಡೆಯಲು ಸಾಮಾನ್ಯ ಕಾರಣ ಅತಿಯಾದ ಗೇನ್. ಕೆಂಪು ದೀಪ ಹತ್ತಿದ ಮೇಲೆ ಯಾವ ಪ್ಲಗಿನ್ನೂ ಪೂರ್ತಿ ಸರಿಮಾಡದು. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಅತಿ ಜೋರಿನ ಸಾಲೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ಸಾಕು, ಆಮೇಲೆ ಏರಿಸಬಹುದು.

ಕೆಲಸ ಕೊಡುವವರು ಕೇಳುವುದು ಸ್ವಚ್ಛ ದನಿಯನ್ನು, ಡಬ್ಬಿಯ ಬೆಲೆಯನ್ನಲ್ಲ. ಇಷ್ಟಾದರೂ ಸರಿಹೋಗದಿದ್ದರೆ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ.