ಆಮೆಗೆ ಬೇಕೇ ಫೋಟೋ?

ಕಳೆದ ತಿಂಗಳ ಸಂಚಿಕೆಯ ಮಕ್ಕಳ ಪುಟದಲ್ಲಿ ಒಂದು ಫೋಟೋ ಅಚ್ಚಾಗಿದೆ. ಹೊಸ ಲಂಗ ತೊಟ್ಟ ಪುಟ್ಟ ಹುಡುಗಿ, ಅವಳ ಅಂಗೈ ಮೇಲೆ ಅಂಗಾತ ಮಲಗಿಸಿದ ನಕ್ಷತ್ರ ಆಮೆ, ಕೆಳಗೆ ‘ನನ್ನ ಹೊಸ ಗೆಳೆಯ’ ಎಂಬ ಬರಹ. ಸ್ಪರ್ಧೆಯಲ್ಲಿ ಮೊದಲ ಬಹುಮಾನವೂ ಅದಕ್ಕೇ. ಮಗುವಿನ ಮುಖದ ಸಂತೋಷ ಕಂಡರೆ ಯಾರ ಮನಸ್ಸಾದರೂ ಅರಳಬೇಕಾದದ್ದೇ. ಆದರೂ ಆ ಫೋಟೋ ಅಚ್ಚು ಮಾಡಿದ್ದು ತಪ್ಪು, ಬಹುಮಾನ ಕೊಟ್ಟದ್ದು ಇನ್ನೂ ದೊಡ್ಡ ತಪ್ಪು ಎಂದು ಸಂಪಾದಕ ಮಂಡಳಿಗೆ ನಾವು ನೇರವಾಗಿಯೇ ಹೇಳಬೇಕಾಗಿದೆ. ಮಗುವಿನ ತಂದೆತಾಯಿಯರ ಮೇಲೆ ನಮಗೆ ಸಿಟ್ಟಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ನಕ್ಷತ್ರ ಆಮೆ ಮುಂಬಯಿಯ ಫ್ಲ್ಯಾಟಿನಲ್ಲಿ ಹುಟ್ಟುವ ಪ್ರಾಣಿಯಲ್ಲ. ನಮ್ಮ ಕೋಲಾರದ ಕಡೆಯಂಥ ಒಣ ಕುರುಚಲು ಕಾಡಿನದು. ಬೆನ್ನಿನ ಹಳದಿ ಗೆರೆಗಳು ಒಣಹುಲ್ಲಿನ ನಡುವೆ ಅದನ್ನು ಕಣ್ಣಿಗೆ ಬೀಳದಂತೆ ಮರೆಮಾಡುತ್ತವೆ. ಅದನ್ನು ಬಚ್ಚಿಡಬೇಕಾದ ಚಿತ್ತಾರವೇ ಅದನ್ನು ಮಾರಾಟಕ್ಕೆ ತಂದಿಟ್ಟಿದೆ. ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತಡೆಯಿದೆ. 2022ರ ತಿದ್ದುಪಡಿಯಾದ ಮೇಲೆ ಇದು ಮೊದಲನೆಯ ಅನುಸೂಚಿಯಲ್ಲಿದೆ. ಕನಿಷ್ಠ 3 ವರ್ಷ ಸೆರೆವಾಸದ ಮಾತು. ನಾವಾದರೋ ಹುಡುಗಿಯ ಹೆಸರು, ಕಟ್ಟಡದ ಹೆಸರು, ಖೋಲಿ ನಂಬರು ಸಮೇತ ಅಚ್ಚು ಮಾಡಿ ಮನೆಮನೆಗೆ ಅಂಚೆಯಲ್ಲಿ ಕಳಿಸಿದ್ದೇವೆ! ಇಷ್ಟು ಅಚ್ಚುಕಟ್ಟಾದ ಸಾಕ್ಷ್ಯವನ್ನು, ಕಡತಗಳ ನಡುವೆಯೇ ಬಾಳು ಸವೆಸುತ್ತಿರುವ ನಾವು ಬೇರೆಲ್ಲೂ ಕಂಡಿಲ್ಲ.

2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದವು. ಕಳ್ಳತನದಲ್ಲಿ ಸಾಗಿಹೋಗಿದ್ದವಕ್ಕೆ ಊರು ಸೇರುವ ಭಾಗ್ಯ ಬಂದಿತೆಂದು ನಾವೆಲ್ಲ ಓದಿ ಸಂತೋಷಪಟ್ಟೆವು. ಅವು ಸಾಗಿಹೋದದ್ದು ಯಾರಿಗಾಗಿ? ಅಲ್ಲಿಯೂ ನಮ್ಮಂಥ ಸಂಸಾರಗಳು, ನಮ್ಮಂಥ ಹುಟ್ಟುಹಬ್ಬಗಳು, ನಮ್ಮಂಥ ಫೋಟೋಗಳೇ ಇದ್ದಿರಬೇಕು.

ಇನ್ನು ಫೋಟೋ ತೆಗೆಯುವ ರೀತಿ. ಆಮೆಯ ಶ್ವಾಸಕೋಶ ಇರುವುದು ಬೆನ್ನಚಿಪ್ಪಿನ ಒಳಮೈಗೆ ಅಂಟಿಕೊಂಡಂತೆ. ಅಂಗಾತ ಮಲಗಿಸಿದರೆ ಹೊಟ್ಟೆಯೊಳಗಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಕಾಲು ಬಡಿಯುವುದು ಆಟವಲ್ಲ, ಮಗುಚಿಕೊಳ್ಳಲು ಪಡುವ ಪಾಡು. ಕೆಲವರು ಓತಿ, ಹಾವುಗಳನ್ನು ಅಲ್ಲಾಡದೆ ಕೂರಲೆಂದು ಕೆಲಹೊತ್ತು ಫ್ರಿಜ್ಜಿನಲ್ಲಿಟ್ಟು ಹೊರತೆಗೆಯುತ್ತಾರೆ! ಮೈಯ ಬಿಸಿಯನ್ನು ಹೊರಗಿನಿಂದಲೇ ಪಡೆಯುವ ಜೀವಿ ತಂಪಿಗೆ ಮರಗಟ್ಟುತ್ತದೆ. ಸ್ನಾಯು ಮಾತು ಕೇಳುವುದಿಲ್ಲ. ಅದನ್ನೇ ನಾವು ‘ಎಷ್ಟು ಸಾಧು ನೋಡಿ’ ಎನ್ನುತ್ತೇವೆ.

ಈಗ ನಮ್ಮ ಕತೆ. ಮಗಳ ಹಟಕ್ಕೆ ನಾವು ತಂದದ್ದು ನಕ್ಷತ್ರ ಆಮೆಯಲ್ಲ, ಕಿವಿಯ ಬಳಿ ಕೆಂಪು ಪಟ್ಟೆಯಿರುವ, ಮೀನಿನ ಅಂಗಡಿಯಲ್ಲಿ ಸಿಗುವ ಅಮೆರಿಕದ ಹಸಿರು ಆಮೆ. ದೊಡ್ಡ ನಾಣ್ಯದಷ್ಟಿತ್ತು. ಅದು ಊಟದ ತಟ್ಟೆಯಷ್ಟಗಲ ಬೆಳೆಯುವುದೆಂದೂ ಇಪ್ಪತ್ತು ಮೂವತ್ತು ವರ್ಷ ಬಾಳಬಲ್ಲುದೆಂದೂ ಅಂಗಡಿಯವನು ಹೇಳಲಿಲ್ಲ, ನಾವು ಕೇಳಲಿಲ್ಲ. ಉತ್ತರಕ್ಕೆ ಮುಖಮಾಡಿದ ನಮ್ಮ ಮೂರನೆಯ ಮಹಡಿಯಲ್ಲಿ ಬಿಸಿಲಿಲ್ಲ. ಕಿಟಕಿಯ ಗಾಜಿನ ಪಕ್ಕ ಇಟ್ಟರೆ ಸಾಕೆಂದುಕೊಂಡೆವು. ಚಿಪ್ಪು ಗಟ್ಟಿಯಾಗಲು ಬೇಕಾದ ನೇರಳಾತೀತ ಕಿರಣವನ್ನು ಗಾಜು ತಡೆಯುತ್ತದೆಂಬುದು ಬಿ.ಎಸ್ಸಿ. ಮಾಡಿದ ನಮಗೆ ಹೊಳೆಯಲಿಲ್ಲ. ಚಿಪ್ಪು ಮೆತ್ತಗಾಯಿತು, ಕಣ್ಣು ಊದಿಕೊಂಡಿತು, ಎಂಟನೆಯ ತಿಂಗಳಲ್ಲಿ ಸತ್ತಿತು. ಮೊಬೈಲಿನಲ್ಲಿ ಅದರ 43 ಫೋಟೋಗಳಿವೆ. ಸಾಲಾಗಿ ನೋಡಿದರೆ ಒಂದರಿಂದ ಒಂದಕ್ಕೆ ಆ ಕಣ್ಣು ಮುಚ್ಚುತ್ತಾ ಬಂದದ್ದು ಸ್ಪಷ್ಟವಾಗಿ ಕಾಣುತ್ತದೆ. ತೆಗೆಯುವಾಗ ಕಾಣಲಿಲ್ಲ. ಮಗಳು ಆ ಚಿತ್ರಗಳನ್ನು ಅಳಿಸಬೇಡಿ ಎಂದಿದ್ದಾಳೆ, ನಾವು ಅಳಿಸಿಲ್ಲ. ಆ ತಂದೆತಾಯಿಯರ ಮೇಲೆ ಸಿಟ್ಟಾಗುವ ಮುಖ ನಮಗಿಲ್ಲ.

ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ನಿಲ್ಲುತ್ತಾಳೆ ಎನ್ನುವವರಿದ್ದಾರೆ. ಹಿತ್ತಾಳೆಯದನ್ನು ಇಟ್ಟುಕೊಳ್ಳಲಿ, ನಮ್ಮ ಅಡ್ಡಿಯಿಲ್ಲ. ಸಾಕಾಯಿತೆಂದು ಅಮೆರಿಕದ ಆಮೆಯನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವವರೂ ಇದ್ದಾರೆ. ಅದು ನಮ್ಮ ನೀರಾಮೆಗಳ ಜಾಗವನ್ನೂ ಆಹಾರವನ್ನೂ ಕಬಳಿಸುತ್ತದೆ. ಆದರೆ ‘ಮಕ್ಕಳಿಗೆ ಪ್ರಾಣಿಪ್ರೀತಿ ಹೀಗಲ್ಲದೆ ಹೇಗೆ ಬರಬೇಕು?’ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಿತ್ತಿಲು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಓತಿಕ್ಯಾತ, ಅರಣೆ ಎಂಬ ಹೆಸರುಗಳೇ ಹೊಸತು. ಊರಿನದೊಂದು ಜೀವ ಕೈಗೆ ಸಿಕ್ಕಿತಲ್ಲ ಎಂಬ ಆಸೆ ನಮಗೂ ಅರ್ಥವಾಗುತ್ತದೆ. ಆದರೆ 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ವನ್ನು ಮಕ್ಕಳಿಗೆ ಓದಿ ಹೇಳಿ ನೋಡಿ. ಅಲ್ಲಿ ಹಾರುವ ಓತಿಗಾಗಿ ಜನ ಕಾಡಿಗೇ ಹೋಗುತ್ತಾರೆ, ಕೊನೆಗೂ ಅದು ಕೈಗೆ ಸಿಗದೆ ಹಾರಿಹೋಗುತ್ತದೆ. ಸಿಗದಿದ್ದುದಕ್ಕೆ ಯಾವ ಓದುಗನೂ ಬೇಸರಪಟ್ಟದ್ದು ನಾವು ಕಾಣೆವು.

ಆಮೆಯನ್ನು ಆ ಮನೆಯವರು ತಾವಾಗಿಯೇ ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಅರಣ್ಯ ಕಚೇರಿಗೆ ಒಪ್ಪಿಸುವುದು ಲೇಸು. ಒಬ್ಬರೇ ಹೋಗಲು ಅಂಜಿಕೆಯಾದರೆ ಭಾನುವಾರ ಬಿಟ್ಟು ಯಾವ ದಿನವಾದರೂ ನಾವು ರಜೆ ಹಾಕಿ ಜೊತೆಗೆ ಬರುತ್ತೇವೆ. ಹುಡುಗಿಯ ಬಹುಮಾನವನ್ನು ಮಾತ್ರ ಹಿಂದಕ್ಕೆ ಪಡೆಯಬೇಡಿ, ತಪ್ಪು ಅವಳದಲ್ಲ.

ಸಂಪಾದಕರಲ್ಲಿ ಒಂದೇ ಬೇಡಿಕೆ. ಮುಂದಿನ ಸ್ಪರ್ಧೆಯ ವಿಷಯ ‘ನಮ್ಮ ಗೋಡೆಯ ಹಲ್ಲಿ’ ಎಂದಾಗಲಿ. ಹಿಡಿಯುವಂತಿಲ್ಲ, ಓಡಿಸುವಂತಿಲ್ಲ, ಫ್ಲ್ಯಾಶ್ ಹಾಕುವಂತಿಲ್ಲ; ಹಲ್ಲಿಗೆ ಮುಚ್ಚಲು ರೆಪ್ಪೆಯಿಲ್ಲ, ಕಣ್ಣನ್ನು ನಾಲಗೆಯಿಂದಲೇ ನೆಕ್ಕಿ ಶುಚಿಮಾಡಿಕೊಳ್ಳುತ್ತದೆ. ಆ ಗಳಿಗೆಯನ್ನು ಯಾವ ಮಗು ಕಾದು ಕೂತು ತೆಗೆಯುತ್ತದೋ ಅದಕ್ಕೆ ಬಹುಮಾನದ ಹಣ ನಮ್ಮದು. ಮನೆಯಲ್ಲಿ ಹಲ್ಲಿಯಿಲ್ಲದವರು ನಮ್ಮಲ್ಲಿಗೆ ಬರಬಹುದು. ಅಡಿಗೆಮನೆಯ ಟ್ಯೂಬ್‌ಲೈಟಿನ ಹಿಂದೆ ಎರಡಿವೆ, ಸಂಜೆ ಏಳರ ಮೇಲೆ ಹೊರಬರುತ್ತವೆ.